ಆರಡಿ ದಾರಿ

ಗುರುಪಾದಸ್ವಾಮಿ ಆ ಫೋನನ್ನು ಬೀಳಿಸಲಿಲ್ಲ, ಎಸೆದ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆಮೇಲೆ ಊರಲ್ಲಿ ಎಲ್ಲರೂ ಕೈತಪ್ಪಿ ಬಿತ್ತಂತೆ ಎಂದೇ ಆಡಿಕೊಂಡರು. ಕೈತಪ್ಪಿದ ಫೋನು ಹತ್ತು ಮಾರು ದೂರದ ಪಂಪ್‌ಸೆಟ್ಟಿನ ಕಲ್ಲುಕಟ್ಟೆಗೆ ಹೋಗಿ ಬೀಳುತ್ತದೆಯೇ? ನಾಗಶ್ರೀಯ ಕೈಯಿಂದ ಕಿತ್ತುಕೊಂಡು, ತೋಳನ್ನು ಹಿಂದಕ್ಕೆಳೆದು, ಹಕ್ಕಿಗೆ ಕವಣೆ ಬೀಸಿದಂತೆ ಬೀಸಿದ. ಕಲ್ಲಿಗೆ ಬಡಿದು ಠಳ್ ಎಂದಿತು.

"ಈಗ ಕೇಳ್ಸು, ಅದೇನ್ ಕೇಳಿಸ್ತೀಯೋ!" ಎಂದು ಪಂಚೆ ಎತ್ತಿ ಕಟ್ಟಿಕೊಂಡು ಹೊರಟೇಹೋದ.

ಗುರುಪಾದಸ್ವಾಮಿ ನಾಗಶ್ರೀಯ ಗಂಡನ ಅಣ್ಣ. ಶಾಗ್ಯ ಊರಿನ ಪಡುವಲ ಹೊಲದಲ್ಲಿ ಅಣ್ಣನ ಪಾಲು ಮುಂದೆ, ತಮ್ಮನ ಪಾಲು ಹಿಂದೆ. ತಮ್ಮನ ಹಿಪ್ಪುನೇರಳೆ ತೋಟದಿಂದ ಸೊಪ್ಪು ಊರಿನ ಹುಳುಮನೆಗೆ ಬರಬೇಕಾದರೆ ಅಣ್ಣನ ಹೊಲದ ಅಂಚಿನ ಆರಡಿ ದಾರಿಯಲ್ಲೇ ಬರಬೇಕು. ಪಾಲುಪಟ್ಟಿಯಲ್ಲಿ ಆ ದಾರಿಯ ಸುದ್ದಿಯೇ ಇಲ್ಲ. ಇದ್ದದ್ದು ಬರೀ ಬಾಯಿಮಾತು. ಆ ಬಾಯಿಮಾತನ್ನು ನುಂಗಿ ಶುಕ್ರವಾರ ಬೆಳಗಾಗುವಷ್ಟರಲ್ಲಿ ಅವನು ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಹೊಡೆದಿದ್ದ. ಅಲ್ಲಿಯೂ ಒಂದು ಸಾಲು ಬಾಳೆ ಬರುತ್ತದಂತೆ! ಇತ್ತ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದವು. ಇನ್ನೊಂದು ವಾರ ಹಗಲೂ ಇರುಳೂ ತಿನ್ನುವ ಕಾಲ. ಕೆರೆ ಏರಿಯ ಮೇಲೆ ಸುತ್ತಿಕೊಂಡು ತಲೆಹೊರೆಯಲ್ಲಿ ತಂದರೆ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪು ತಿಂದ ಹುಳು ನಂಜೇರಿ ಸಾಯುತ್ತದೆ. ಇದೆಲ್ಲ ಗುರುಪಾದಸ್ವಾಮಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ, ದಿನ ನೋಡಿಯೇ ಮುಳ್ಳು ಹೊಡೆದಿದ್ದ.

ಶನಿವಾರ ಸಂಜೆ ನಾಗಶ್ರೀ ಬೇಲಿಯ ಹತ್ತಿರ ನಿಂತು ಫೋನು ಎತ್ತಿ ತೋರಿಸಿದ್ದಳು. "ಬಾವ, ನೀವೇ ಕಳ್ಸಿರೋ ಮಾತು ಇದರೊಳ್ಗೆ ಅದೆ. ನಾಳಿದ್ದು ನ್ಯಾಯದಲ್ಲಿ ಎಲ್ರಿಗೂ ಕೇಳಿಸ್ತೀನಿ" ಎಂದಿದ್ದಳು. ಅದಕ್ಕೇ ಅವನು ಎಸೆದದ್ದು. ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಫೋನು ಉಳಿಯುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡಿರುವುದು ಅವಳ ಜಾತಕದಲ್ಲೇ ಇರಲಿಲ್ಲ.

ಫೋನಿನ ಮುಖವೆಲ್ಲ ಜೇಡರ ಬಲೆ. ಒತ್ತಿದರೆ ಬೆಳಕಿಲ್ಲ, ಎರಡು ಹಸಿರು ಗೀರು ಮಾತ್ರ. ಆದರೆ ಯಾರೋ ಕರೆ ಮಾಡಿದಾಗ ಒಳಗೆ ಗಂಟೆ ಬಾರಿಸಿತು. ಜೀವ ಇದೆ, ಮುಖ ಮಾತ್ರ ಹೋಗಿದೆ ಎಂದು ನಾಗಶ್ರೀಗೆ ಅರ್ಥವಾಯಿತು. ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೆ ಹಳೆಯ ಮಾತುಗಳು ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಬ್ಯಾಕಪ್ಪು ಗೀಕಪ್ಪು ಅವಳು ಮಾಡಿಟ್ಟಿರಲಿಲ್ಲ.

ಗಂಡ ಮಲ್ಲಿಕಾರ್ಜುನಸ್ವಾಮಿ ಜಗಲಿಯಲ್ಲಿ ಕೂತು ಬೀಡಿ ಸೇದುತ್ತಾ, "ಬುಡು ಅತ್ಲಾಗೆ. ಏರಿ ಮೇಲೆ ಸುತ್ತಾಕ್ಕಂಡು ಬಂದ್ರಾಯ್ತು. ಅಣ್ಣನ್ ಕೂಟೆ ಯಾಕೆ ಜಗ್ಳ" ಎಂದ.

"ಸೊಪ್ಪು ಒರೋರು ಯಾರು, ನೀವಾ? ನನ್ ತಲೆ ಮ್ಯಾಲೆ ತಾನೇ ಸುತ್ತಾಕೋದು!" ಎಂದು ನಾಗಶ್ರೀ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು. ಅವನು ಬೀಡಿ ಸಮೇತ ಎದ್ದು ಆಚೆ ಹೋದ. ಅಣ್ಣನ ಎದುರು ಬಾಯಿಗೆ ಬೀಗ, ಹೆಂಡತಿಯ ಎದುರು ಕಾಲಿಗೆ ಚಕ್ರ. ಇಂಥವನನ್ನು ಕಟ್ಟಿಕೊಂಡು ಹದಿನಾಲ್ಕು ವರ್ಷ ಬಾಳಿದ್ದೇ ಹೆಚ್ಚು.

ನ್ಯಾಯ ಸೇರುವುದು ಸೋಮವಾರ. ಅವರ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಬಿಡುವಿನ ದಿನ. ಈಗ ಎತ್ತು ಯಾರ ಮನೆಯಲ್ಲಿದೆ ಹೇಳಿ? ಎಲ್ಲರದೂ ಟ್ರ್ಯಾಕ್ಟರೇ. ಆದರೂ ಗಂಡಸರು ಸೋಮವಾರದ ಬಿಡುವನ್ನು ಮಾತ್ರ ಬಿಟ್ಟಿಲ್ಲ. ಬಸಪ್ಪನ ಗುಡಿ ಜಗಲಿಯಲ್ಲಿ ಕೂತು ಊರ ವ್ಯಾಜ್ಯ ಬಗೆಹರಿಸುತ್ತಾರೆ. ಈ ಸೋಮವಾರ ತಪ್ಪಿದರೆ ಇನ್ನೊಂದು ಸೋಮವಾರ. ಅಷ್ಟರಲ್ಲಿ ಹುಳು ಒಂದೋ ಗೂಡು ಕಟ್ಟಿರುತ್ತದೆ, ಇಲ್ಲವೋ ತಿಪ್ಪೆಗೆ ಹೋಗಿರುತ್ತದೆ.

ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಅವಳು ಕೊಳ್ಳೇಗಾಲಕ್ಕೆ ಹೊರಟಳು. ಕಿಟಕಿಯ ಪಕ್ಕ ಕೂತು, ಒಡೆದ ಫೋನನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಅದರೊಳಗಿನ ಮೂವತ್ತೆಂಟು ಸೆಕೆಂಡನ್ನು ಮನಸ್ಸಿನಲ್ಲೇ ಕೇಳಿಸಿಕೊಂಡಳು. ಗುರುಪಾದಸ್ವಾಮಿಗೆ ಟೈಪು ಮಾಡಲು ಬರುವುದಿಲ್ಲ. ಏನಿದ್ದರೂ ವಾಟ್ಸಾಪಿನಲ್ಲಿ ಬಾಯಲ್ಲೇ ಹೇಳಿ ಕಳಿಸುವುದು. ಎರಡು ವರ್ಷದ ಹಿಂದೆ ಅವನು ಹೇಳಿ ಕಳಿಸಿದ್ದು ಅವಳಿಗೆ ಬಾಯಿಪಾಠವಾಗಿತ್ತು.

"ನೋಡವ್ವ ನಾಗಶ್ರೀ, ನೀನ್ ಏಳ್ದಂಗೇ ಆಗ್ಲಿ. ಮುದ್ಕಿನ ನೀವೇ ಕರ್ಕಂಡೋಗಿ ಮಡೀಕಳಿ, ದಾರಿ ನಾನ್ ಬುಡ್ತೀನಿ. ಇವ್ಳ ಕೆಮ್ಮು ಕೇಳಿ ಕೇಳಿ ನಮ್ಗೆ ಸಾಕಾಗದೆ. ಇವತ್ತೇ ಬಂದು ಕರ್ಕಂಡೋಗು, ತಡ ಮಾಡ್ಬೇಡ. ನನ್ ಜೀವ ಇರಾಗಂಟ ಆ ಆರಡಿ ದಾರಿಗೆ ಕೈ ಆಕಕಿಲ್ಲ, ಮಾದಪ್ಪನಾಣೆ."

ಮುದುಕಿ ಎಂದರೆ ಅವನ ಹೆತ್ತ ತಾಯಿ, ನಾಗಶ್ರೀಯ ಅತ್ತೆ ಪುಟ್ಟಮಲ್ಲಮ್ಮ. 'ನೀನ್ ಏಳ್ದಂಗೇ' ಎಂದನಲ್ಲ, ಅದು ಸುಳ್ಳಲ್ಲ. ಅತ್ತೆಯನ್ನು ನಾವು ಇಟ್ಟುಕೊಳ್ಳುತ್ತೇವೆ, ದಾರಿ ಬಿಡಿ ಎಂದು ಮೊದಲು ಕೇಳಿದವಳು ನಾಗಶ್ರೀಯೇ. ಆ ದಿನ ಸಂಜೆ ಹೋಗಿ, "ಬಾ ಅತ್ತೆ, ನಮ್ಮಟ್ಟೀಲಿ ಇರು ಬಾ" ಎಂದು ಕೈಹಿಡಿದು ಕರೆದುಕೊಂಡು ಬಂದಿದ್ದಳು. ಪುಟ್ಟಮಲ್ಲಮ್ಮ ಇವತ್ತಿಗೂ ನೀರು ಹಿಡಿಯುವ ಕಡೆ, ಡೇರಿಯ ಕಡೆ, ಸಿಕ್ಕಸಿಕ್ಕವರಿಗೆಲ್ಲ, "ನನ್ ಚಿಕ್ಸೊಸೆ ತಾನಾಗೇ ಬಂದು ಕೈ ಇಡ್ಕಂಡು ಕರ್ಕಂಡೋದ್ಲು ಕನವ್ವ. ಯಾವ್ ಸೊಸೆ ಇಂಗೆ ಮಾಡ್ತಾಳೆ ಏಳು?" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಪ್ರತಿ ಸಲ ಆ ಮಾತು ಕಿವಿಗೆ ಬಿದ್ದಾಗ ನಾಗಶ್ರೀಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಎರಡು ವರ್ಷದಲ್ಲಿ ಮುದುಕಿಯ ಮೇಲೆ ಪ್ರೀತಿಯೂ ಬಂದುಬಿಟ್ಟಿತ್ತು, ಅದು ಬೇರೆ ಕಷ್ಟ.

ನ್ಯಾಯದಲ್ಲಿ ಪೂರ್ತಿ ಕೇಳಿಸುವ ದರಿದ್ರ ಯಾರಿಗೆ ಬೇಕು? ಒತ್ತಿ, ತಟ್ಟನೆ ನಿಲ್ಲಿಸಿ, ಚುಕ್ಕೆಯನ್ನು ಬೆರಳಲ್ಲಿ ಕೊನೆಗೆ ಎಳೆದುಬಿಟ್ಟರೆ 'ನನ್ ಜೀವ ಇರಾಗಂಟ' ಎನ್ನುವಲ್ಲಿಂದ ಶುರುವಾಗುತ್ತದೆ. ಅಷ್ಟು ಸಾಕು. ಇದು ಅವಳ ಲೆಕ್ಕಾಚಾರ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೊಬೈಲು ರಿಪೇರಿ ಅಂಗಡಿ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಸಿಕ್ಕಿಸಿಕೊಂಡ ಆಸಾಮಿ ಫೋನನ್ನು ಎರಡು ಸಲ ತಿರುಗಿಸಿ ನೋಡಿ, "ಡಿಸ್‌ಪ್ಲೇ ಹೋಗಿದೆ. ಕೊಟ್ಟು ಹೋಗಿ, ಬುಧವಾರ ಬನ್ನಿ. ಲಾಕಿನ ಪ್ಯಾಟ್ರನ್ ಬರೆದುಕೊಡಿ" ಎಂದ.

"ಪ್ಯಾಟ್ರನ್ ಯಾಕೆ?"

"ಒಳಗೆ ಹೋಗಿ ಟೆಸ್ಟ್ ಮಾಡಬೇಕಲ್ಲ ಮೇಡಂ. ಸೌಂಡು, ಫೋಟೋ, ಮೆಸೇಜು, ಎಲ್ಲ."

ಮೆಸೇಜಂತೆ! ಊರ ಹೆಂಗಸರ ಫೋನೆಲ್ಲ ಇವನು ಒಳಗೆ ಹೋಗಿ ನೋಡುವುದಂತೆ! ನಾಗಶ್ರೀಗೆ ತಲೆ ಕಾದುಹೋಯಿತು. "ನನ್ ಫೋನಿನ ಒಳಕ್ಕೆ ನೀನ್ಯಾಕಪ್ಪ ಓಗ್ತೀಯ? ಗಾಜು ಒಡ್ದೋಗದೆ, ಗಾಜು ಆಕು. ಇವತ್ತೇ ಆಗ್ಬೇಕು."

"ಇವತ್ತು ಆಗಲ್ಲ. ಹದಿನೈದು ಫೋನು ಮುಂದಿದೆ."

"ಅಂಗಾರೆ ಸಾಮಾನು ಕೊಡು, ನಾನೇ ಆಕ್ಕತೀನಿ."

ಅವನು ನಕ್ಕ. ಅಂಗಡಿಯಲ್ಲಿದ್ದ ಇಬ್ಬರೂ ನಕ್ಕರು. "ಇದು ಮಿಕ್ಸಿ ಅಲ್ಲ ಮೇಡಂ. ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."

ಆ ನಗೆಯೇ ಎಲ್ಲವನ್ನೂ ತೀರ್ಮಾನ ಮಾಡಿತು. ಅವಳು ಹೊಸ ಡಿಸ್‌ಪ್ಲೇ, ಅಂಟಿನ ಟ್ಯೂಬು, ಕಡ್ಡಿಯಂಥ ಸ್ಕ್ರೂಡ್ರೈವರುಗಳ ಡಬ್ಬಿ ಎಲ್ಲ ಕೊಂಡಳು. ಆದರೆ ಹೋಗಲಿಲ್ಲ. "ಬಸ್ಸು ಬರಾದು ಒತ್ತಾಯ್ತದೆ" ಎಂದು ಸುಳ್ಳು ಹೇಳಿ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತು, ಅವನು ಬೇರೆಯವರ ಎರಡು ಫೋನು ಬಿಚ್ಚಿ ಜೋಡಿಸುವುದನ್ನು ರೆಪ್ಪೆ ಹೊಡೆಯದೆ ನೋಡಿದಳು. ಮದುವೆಗೆ ಮುಂಚೆ ಇದೇ ಕೊಳ್ಳೇಗಾಲದಲ್ಲಿ ನಾಲ್ಕು ವರ್ಷ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದವಳು ಅವಳು. ಅದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ಕೂತು ನೋಡಿ ಕಲಿತದ್ದು. ಕುದಿಯುವ ನೀರಿನಲ್ಲಿ ಬೆಂದ ಗೂಡಿನ ಮೇಲೆ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಲ್ಲಿ ತಡವಿ ಹಿಡಿಯುತ್ತಿದ್ದ ಕೈ ಅದು. ಮಿಕ್ಸಿ ಅಲ್ಲವಂತೆ!

ಆಸಾಮಿ ಒಬ್ಬ ಗಿರಾಕಿಗೆ ಬಯ್ಯುತ್ತಿದ್ದ. "ನೋಡ್ರಿ, ಈ ಮೇಲಿನ ಸಾಸಿವೆಯಷ್ಟು ತೂತು ಇದೆಯಲ್ಲ, ಇದಕ್ಕೆ ಧೂಳು ಕೂತರೆ ಫೋನು ಸದಾ ಕಿವಿಯ ಹತ್ತಿರವೇ ಇದ್ದೀನಿ ಅಂದ್ಕೊಳ್ಳುತ್ತೆ. ಮಾತು ಶುರುವಾದ ತಕ್ಷಣ ಸ್ಕ್ರೀನು ಕಪ್ಪಾಗುತ್ತೆ, ಧ್ವನಿ ಕಿವಿಯ ಸ್ಪೀಕರಿಗೇ ಹೋಗುತ್ತೆ." ನಾಗಶ್ರೀ ಅದನ್ನೂ ಕೇಳಿಸಿಕೊಂಡಳು. ಆದರೆ ಅವಳ ಗಮನವೆಲ್ಲ ಅವನ ಬೆರಳುಗಳ ಮೇಲಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದು, ಸೀರೆ ಸಿಕ್ಕಿಸಿಕೊಂಡು ಕೂತಳು. ಪುಟ್ಟಮಲ್ಲಮ್ಮ ಗೋಡೆಗೊರಗಿ ಪಕ್ಕದಲ್ಲೇ ಕೂತಳು. ಅಲ್ಲಾಡಲಿಲ್ಲ. ಅವಳ ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನ ಕಿವಿ.

"ಕೂಸೇ, ಅದರೊಳ್ಗೆ ಅವ್ನು ಏನಂದವ್ನೆ?"

"ದಾರಿ ಬುಡ್ತೀನಿ ಅಂದವ್ರೆ ಅತ್ತೆ. ಸುಮ್ಕಿರು, ಕೈ ಅಳ್ಳಾಡ್ತದೆ."

ಮೊದಲು ಅಂಟು ಕರಗಬೇಕು. ಅಂಗಡಿಯಲ್ಲಿ ಬಿಸಿಗಾಳಿಯ ಮೆಷೀನಿತ್ತು. ಇಲ್ಲಿ ಮುದ್ದೆಯ ಪಾತ್ರೆಯ ಮುಚ್ಚಳದ ಮೇಲೆ ನಾಲ್ಕು ಮಡಿಕೆ ಬಟ್ಟೆ ಹಾಸಿ, ಫೋನನ್ನು ಬೆನ್ನಡಿ ಮಾಡಿ ಇಟ್ಟಳು. ಬಿಸಿ ಹೆಚ್ಚಾಗುತ್ತಲೇ ತೆಗೆಯುವುದು, ಆರುತ್ತಲೇ ಇಡುವುದು, ಬೆರಳಿಗೆ ತಿಳಿದ ಲೆಕ್ಕ. ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ಕಿನ ಕಡ್ಡಿ ಸಂದಿಗೆ ಇಳಿಯದೆ ಮುರಿದುಹೋಯಿತು. "ಥೂ, ನಿನ್ ಮುಖಕ್ಕೆ!" ಎಂದು ಅದನ್ನು ಒಲೆಗೆ ಎಸೆದು, ಪೆಟ್ಟಿಗೆಯಿಂದ ಹಸಿ ರೇಷ್ಮೆಯ ನೂಲು ತೆಗೆದಳು. ನಾಲ್ಕೆಳೆ ಹುರಿ ಮಾಡಿ, ಮೂಲೆಯ ಸಂದಿಯಲ್ಲಿ ಇಳಿಸಿ, ಎರಡು ಕೈಯಲ್ಲಿ ಅತ್ತಿತ್ತ ಎಳೆದಳು. ನೂಲು ಅಂಟನ್ನು ಕುಯ್ದುಕೊಂಡು ಹೋಯಿತು. ಬೆನ್ನು ಬಿಚ್ಚಿತು. ಒಳಗಿನ ಹನ್ನೊಂದು ಸ್ಕ್ರೂ ತೆಗೆದು, ತಟ್ಟೆಯಲ್ಲಿ ತಟ್ಟಿದ ಒಂದು ತುತ್ತು ಮುದ್ದೆಯ ಮೇಲೆ, ಫೋನಿನಲ್ಲಿ ಎಲ್ಲೆಲ್ಲಿದ್ದವೋ ಹಾಗೆಯೇ ಒಂದೊಂದನ್ನೂ ಒತ್ತಿಟ್ಟಳು. ಬ್ಯಾಟರಿಯ ಕೊಂಡಿ ಬಿಡಿಸಿದಳು, ಡಿಸ್‌ಪ್ಲೇಯ ಪಟ್ಟಿಯ ಕೊಂಡಿ ಬಿಡಿಸಿದಳು. ಮುಂಭಾಗವನ್ನೂ ಕಾಯಿಸಿ ಒಡೆದ ಗಾಜನ್ನು ಚೂರುಚೂರಾಗಿ ಎಬ್ಬಿಸಿದಳು. ಒಂದು ಚೂರು ಹೆಬ್ಬೆರಳಿಗೆ ಹೊಕ್ಕು ರಕ್ತ ಬಂತು. ಆ ಒಂದೊಂದು ಚೂರಿಗೂ ಬಾವನ ಹೆಸರು ಹೇಳಿ ಒಂದೊಂದು ಬೈಗುಳ ಬಿದ್ದಿತು. ಅವನ್ನೆಲ್ಲ ಇಲ್ಲಿ ಬರೆಯುವಂತಿಲ್ಲ.

ಎರಡೂವರೆಗೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು. ಬಸ್ಸಿಗೆ ಮುಂಚೆ ನಸುಕಿನಲ್ಲೇ ಏರಿ ಸುತ್ತಿ ತಂದ ಸೊಪ್ಪಿನ ಅಂಚು ಆಗಲೇ ಮುದುರಿತ್ತು. ಅದರಲ್ಲೇ ಒಳ್ಳೆಯದನ್ನು ಆರಿಸಿ ಹಾಕಿ ಅವಳು ಬರುವಷ್ಟರಲ್ಲಿ ಕಾಲು ಗಂಟೆ ಆಯಿತು. ಬಂದು ನೋಡಿದರೆ ಬಿಚ್ಚಿಟ್ಟ ಫೋನಿನ ಚೌಕಟ್ಟಿನ ಮೇಲ್ತುದಿಯಲ್ಲಿ ಬೆಳ್ಳಗೆ ಮೂರು ಗೆರೆ. ನೀರಲ್ಲಿ ಕಲಸಿದ ವಿಭೂತಿ! ನಡುವೆ ಒಂದು ಕುಂಕುಮದ ಬೊಟ್ಟು ಬೇರೆ.

ಪಂಪ್‌ಸೆಟ್ಟಿಗೆ, ಹೊಲಿಗೆ ಮೆಷೀನಿಗೆ, ಹೊಸ ಮಡಕೆಗೆ, ಕೊನೆಗೆ ಕರೆಂಟು ಮೀಟರಿಗೂ ವಿಭೂತಿ ಹಚ್ಚದೆ ಬಿಟ್ಟವಳಲ್ಲ ಪುಟ್ಟಮಲ್ಲಮ್ಮ. ಕೈ ಒರೆಸಿಕೊಳ್ಳುತ್ತಾ ತೃಪ್ತಿಯಿಂದ ಕೂತಿದ್ದಳು. "ಇನ್ನೇನೂ ಆಗಕಿಲ್ಲ ಕನ ಕೂಸೇ. ಈಗ ಜೋಡ್ಸು."

ನಾಗಶ್ರೀಗೆ ಎಲ್ಲಿಂದ ಬಂತೋ ಅಷ್ಟು ಸಿಟ್ಟು. "ನಿನ್ ವಿಬೂತಿಗೆ ಬೆಂಕಿ ಬೀಳ! ನೀರ್ ಬಿದ್ರೆ ಸುಟ್ಟೋಗ್ತದೆ ಇದು! ಎರಡ್ ದಿನದಿಂದ ನಾನು ಸಾಯ್ತಾ ಇವ್ನಿ, ನೀನು ಕೂತ್ಕಂಡು ಪೂಜೆ ಮಾಡ್ತೀಯಾ? ದೊಡ್ಸೊಸೆ ನಿನ್ನ ಯಾಕೆ ಮಡೀಕಳ್ನಿಲ್ಲ ಅಂತ ಈಗ ಗೊತ್ತಾಯ್ತು ನಂಗೆ!"

ಕೊನೆಯ ಮಾತು ಬಾಯಿಂದ ಹೊರಬಿದ್ದಮೇಲೆ ನಾಗಶ್ರೀಗೆ ಅದನ್ನು ಹಿಡಿದು ಒಳಗೆ ತುರುಕಬೇಕೆನ್ನಿಸಿತು. ಪುಟ್ಟಮಲ್ಲಮ್ಮ ವಿಭೂತಿಯ ಬಟ್ಟಲನ್ನು ಗೋಡೆಯ ಕಡೆಗೆ ಸರಿಸಿದಳು. ಆಮೇಲೆ, "ಬಯ್ಯಿ, ಬಯ್ಯಿ. ಕೈ ಇಡ್ಕಂಡು ಕರ್ಕಂಬಂದವ್ಳು ನೀನು. ಬಯ್ಯಾಕೆ ನಿಂಗೆ ಅಕ್ಕು ಅದೆ" ಎಂದಳು.

ಈ ಮಾತಿಗಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ನಾಗಶ್ರೀ ಹಲ್ಲು ಕಚ್ಚಿಕೊಂಡು, ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಸರು ಹಾಕಿ ಉಜ್ಜಿದಳು. ಕಣ್ಣಿಗೆ ಕಾಣುವ ಬಿಳಿಯೆಲ್ಲ ಹೋಯಿತು. ಒಣಗಿಸಿ, ಹೊಸ ಡಿಸ್‌ಪ್ಲೇ ಕೂರಿಸಿ, ಪಟ್ಟಿ ಸಿಕ್ಕಿಸಿ, ಮುದ್ದೆಯಿಂದ ಒಂದೊಂದೇ ಸ್ಕ್ರೂ ಕಿತ್ತು ಒರೆಸಿ ಅದರದರ ಜಾಗಕ್ಕೆ ತಿರುಗಿಸಿದಳು. ಅಂಟು ಹಚ್ಚಿ ಬಟ್ಟೆ ಒಣಹಾಕುವ ಆರು ಕ್ಲಿಪ್ಪು ಕಚ್ಚಿಸಿದಳು. ಗುಂಡಿ ಒತ್ತಿದಳು.

ಬೆಳಕು ಬಂತು! ಸ್ವಚ್ಛ, ಒಂದು ಗೀರಿಲ್ಲದ ಬೆಳಕು. ಬೆರಳಿಟ್ಟರೆ ಅಕ್ಷರ ಓಡಾಡಿದವು. ಆ ಅಂಗಡಿಯವನ ಮುಖಕ್ಕೆ ಇದನ್ನು ಹಿಡಿಯಬೇಕಿತ್ತು! ಎರಡು ವರ್ಷ ಹಿಂದಕ್ಕೆ ಸರಿಸಿದಾಗ ಬಾವನ ಹೆಸರಿನ ಕೆಳಗೆ ಆ ಮಾತು ಹಾಗೆಯೇ ಇತ್ತು, ಮೂವತ್ತೆಂಟು ಸೆಕೆಂಡು. ಬೆರಳು ಅದರ ಮೇಲೆ ಹೋಗಿ ನಿಂತಿತು.

"ಆಕು ಕೂಸೇ, ನಾನೂ ಕೇಳ್ತೀನಿ" ಎಂದು ಪುಟ್ಟಮಲ್ಲಮ್ಮ ಹತ್ತಿರ ಸರಿದಳು.

"ಚಾರ್ಜಿಲ್ಲ ಅತ್ತೆ. ನಾಳೆ ಕೇಳ್ವಂತೆ" ಎಂದು ನಾಗಶ್ರೀ ಫೋನು ಆರಿಸಿಬಿಟ್ಟಳು. ಇಷ್ಟೆಲ್ಲ ಮಾಡಿದವಳು ಧ್ವನಿ ಬರುತ್ತದೋ ಇಲ್ಲವೋ ಎಂದು ಒಂದು ಸಲವೂ ನೋಡಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ, ಮುದುಕಿ ಪಕ್ಕ ಬಿಟ್ಟು ಏಳಲೂ ಇಲ್ಲ.

ಸೋಮವಾರ ಹತ್ತು ಗಂಟೆಗೆ ಬಸಪ್ಪನ ಗುಡಿ ಜಗಲಿಯ ಮೇಲೆ ಸದಾಶಿವಪ್ಪ, ಶಿವನಂಜಯ್ಯ, ಶಿವರುದ್ರಸ್ವಾಮಿ, ಮೂವರು ಹಿರಿಯರು ಕೂತರು. ಸುತ್ತ ಮೂವತ್ತು ನಲವತ್ತು ಜನ. ಗುರುಪಾದಸ್ವಾಮಿ ಕಂಬಕ್ಕೆ ಒರಗಿ ನಿಂತಿದ್ದ. ಮಲ್ಲಿಕಾರ್ಜುನಸ್ವಾಮಿ ಎಲ್ಲರ ಹಿಂದೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದ, ಕೂರಬೇಕಾದ ಜಾಗವೇ ಅದು. ಪುಟ್ಟಮಲ್ಲಮ್ಮ ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೋಲು ಹಿಡಿದು ಕೂತಳು.

"ದಾರಿ ಬುಡ್ತೀನಿ ಅಂತ ನಾನು ಎಲ್ಲೂ ಏಳಿಲ್ಲ. ಏಳಿದ್ರೆ ತೋರಿಸ್ಲಿ" ಎಂದ ಗುರುಪಾದಸ್ವಾಮಿ. ಫೋನು ಸತ್ತಿದೆ ಎಂಬ ಧೈರ್ಯ ಅವನಿಗೆ.

ನಾಗಶ್ರೀ ಸೆರಗಿನಿಂದ ಫೋನು ತೆಗೆದು ಬೆಳಗಿಸಿದಳು. ಅವನ ಬೆನ್ನು ಕಂಬ ಬಿಟ್ಟು ನೆಟ್ಟಗಾಯಿತು. ಅದನ್ನು ನೋಡಿದಾಗ ಅವಳ ಎರಡು ದಿನದ ಹೊಟ್ಟೆಯುರಿ ಅರ್ಧ ತಣ್ಣಗಾಯಿತು. ಧ್ವನಿ ಪೂರ್ತಿ ಏರಿಸಿ, ಆ ಮಾತನ್ನು ಒತ್ತಿದಳು. ಒತ್ತಿ, ನಿಲ್ಲಿಸಿ, ಎಳೆಯಬೇಕು.

ಒತ್ತಿದ್ದೇ ತಡ, ಪರದೆ ಕಪ್ಪಾಯಿತು.

ನಿಲ್ಲಿಸಲು ಗುಂಡಿ ಕಾಣದು, ಎಳೆಯಲು ಚುಕ್ಕೆ ಕಾಣದು. ಒಳಗೆಲ್ಲೋ ಸೊಳ್ಳೆಯಂಥ ಸದ್ದು. ಮುಗಿದ ಮೇಲೆ ಪರದೆ ತಾನಾಗಿ ಬೆಳಗಿತು. ಮತ್ತೆ ಒತ್ತಿದಳು, ಮತ್ತೆ ಕಪ್ಪು. ಗುರುಪಾದಸ್ವಾಮಿ ಹೋ ಎಂದು ನಕ್ಕ. ನಾಗಶ್ರೀ ಫೋನಿನ ಮೇಲ್ತುದಿಯನ್ನು ಕಣ್ಣ ಹತ್ತಿರ ತಂದು ನೋಡಿದಳು. ಸಾಸಿವೆಯಷ್ಟು ತೂತಿನ ಒಳಗೆ, ಗಾಜಿನ ಅಡಿಯಲ್ಲಿ, ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು ವಿಭೂತಿ. ಫೋನು ತಾನು ಯಾರದೋ ಕಿವಿಯ ಹತ್ತಿರವೇ ಇದ್ದೇನೆ ಎಂದುಕೊಂಡಿತ್ತು.

"ಕೊಡವ್ವ ಇಲ್ಲಿ. ಕಿವಿಗೆ ಮಡೀಕಂಡ್ರೆ ಕೇಳಿಸ್ತದೆ" ಎಂದು ಸದಾಶಿವಪ್ಪ ಕೈ ಚಾಚಿ ತೆಗೆದುಕೊಂಡ. ಕೊಡುವುದಿಲ್ಲ ಎನ್ನುವುದು ಹೇಗೆ? ನಲವತ್ತು ಜನರ ಎದುರು ಒತ್ತಿಕೊಟ್ಟಳು. ಮೊದಲಿನಿಂದ, ಪೂರ್ತಿ, ಮೂವತ್ತೆಂಟು ಸೆಕೆಂಡು. ಸದಾಶಿವಪ್ಪನ ಹುಬ್ಬು ಮೇಲೇರಿತು. ಅವನು ಗುರುಪಾದಸ್ವಾಮಿಯನ್ನು ನೋಡಿದ, ನಾಗಶ್ರೀಯನ್ನು ನೋಡಿದ, ಆಮೇಲೆ ಕಲ್ಲಿನ ಮೇಲೆ ಕೂತ ಪುಟ್ಟಮಲ್ಲಮ್ಮನನ್ನು ನೋಡಿ ತಲೆ ತಗ್ಗಿಸಿದ. ಫೋನನ್ನು ಶಿವನಂಜಯ್ಯನಿಗೆ ದಾಟಿಸಿದ. ಶಿವನಂಜಯ್ಯ ಕೇಳಿದ, ಅವನೂ ಮುದುಕಿಯನ್ನು ನೋಡಿದ. ಶಿವರುದ್ರಸ್ವಾಮಿಯೂ ಅಷ್ಟೆ.

"ಏನಂತೆ?" ಎಂದು ಜನ ಕೇಳಿದರು.

"ಸರ್ಯಾಗಿ ಕೇಳಿಸ್ನಿಲ್ಲ ಕನ್ರಪ್ಪ" ಎಂದ ಸದಾಶಿವಪ್ಪ ನೆಲ ನೋಡುತ್ತಾ.

"ನಂಗೂ ಅಷ್ಟೇ. ಗೊರಗೊರ ಅಂತದೆ" ಎಂದ ಶಿವನಂಜಯ್ಯ. ಶಿವರುದ್ರಸ್ವಾಮಿ ಸುಮ್ಮನೆ ತಲೆಯಾಡಿಸಿದ.

ಸುಳ್ಳು! ಮೂರು ಕಿವಿಗೂ ಒಂದೊಂದು ಅಕ್ಷರವೂ ಬಿದ್ದಿತ್ತು. ನಾಗಶ್ರೀಗೆ ಆ ಜಗಲಿ ಹತ್ತಿ ಮೂವರ ಭುಜ ಹಿಡಿದು ಅಲುಗಿಸಿ, ಕೇಳಿಸಿದ್ದನ್ನು ಹೇಳಿ ಎಂದು ಕೂಗಬೇಕೆನ್ನಿಸಿತು. ಹೇಳಿದರೆ ಪೂರ್ತಿ ಹೇಳುತ್ತಾರೆ. ಪೂರ್ತಿ ಹೇಳಿದರೆ ಕಲ್ಲಿನ ಮೇಲೆ ಕೂತವಳಿಗೆ ಕೇಳಿಸುತ್ತದೆ. ಮನೆಯಲ್ಲಿ ಹುಳು ಬಾಡಿದ ಸೊಪ್ಪು ತಿನ್ನುತ್ತಿದೆ. ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲನೇ ಸಲ.

"ಕೇಳಿಸ್ನಿಲ್ಲ ಅಂದ್ಮೇಲೆ ಮು‌ಗೀತು. ದಾರಿ ನಂದು" ಎಂದು ಗುರುಪಾದಸ್ವಾಮಿ ವಲ್ಲಿ ಕೊಡವಿದ.

"ನಂಗ್ ಕೊಡಿ ಅದ" ಎಂದಳು ಪುಟ್ಟಮಲ್ಲಮ್ಮ.

"ನಿಂಗ್ಯಾಕೆ ಬುಡು ಅಜ್ಜಿ" ಎಂದ ಸದಾಶಿವಪ್ಪ.

"ಕೊಡಪ್ಪ. ನಿಮ್ ಕಿವಿ ಮುದಿಯಾಗದೆ. ನನ್ ಕಿವಿ ನೆಟ್ಟಗದೆ."

ಅವಳು ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಫೋನನ್ನು ಎರಡು ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. "ಒತ್ತು ಕೂಸೇ" ಎಂದಳು. ನಾಗಶ್ರೀ ಅಲ್ಲಾಡಲಿಲ್ಲ. "ಒತ್ತು ಅಂದೆ!" ಶಿವರುದ್ರಸ್ವಾಮಿ ಬಗ್ಗಿ ಒತ್ತಿದ.

ಮೂವತ್ತೆಂಟು ಸೆಕೆಂಡು ಯಾರೂ ಕೆಮ್ಮಲಿಲ್ಲ. ಮುದುಕಿಯ ಮುಖದಲ್ಲಿ ಏನೂ ಕದಲಲಿಲ್ಲ. ಮುಗಿದ ಮೇಲೆ ಅವಳು ಕೋಲೂರಿ ಎದ್ದು ನಿಂತು, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಗುಡಿಯ ಆಚೆ ಬೀದಿಗೂ ಕೇಳುವಂತೆ ಹೇಳಿದಳು.

"'ನೋಡವ್ವ ನಾಗಶ್ರೀ, ನೀನ್ ಏಳ್ದಂಗೇ ಆಗ್ಲಿ. ಮುದ್ಕಿನ ನೀವೇ ಕರ್ಕಂಡೋಗಿ ಮಡೀಕಳಿ, ದಾರಿ ನಾನ್ ಬುಡ್ತೀನಿ. ಇವ್ಳ ಕೆಮ್ಮು ಕೇಳಿ ಕೇಳಿ ನಮ್ಗೆ ಸಾಕಾಗದೆ. ಇವತ್ತೇ ಬಂದು ಕರ್ಕಂಡೋಗು, ತಡ ಮಾಡ್ಬೇಡ. ನನ್ ಜೀವ ಇರಾಗಂಟ ಆ ಆರಡಿ ದಾರಿಗೆ ಕೈ ಆಕಕಿಲ್ಲ, ಮಾದಪ್ಪನಾಣೆ.' ಇಷ್ಟೇ ಅದೆ ಇದರಲ್ಲಿ. ಕೇಳಿಸ್ತೇನ್ರಪ್ಪ ಈಗ?"

ಮುದುಕಿ ಕೋಲೆತ್ತಿ ಮಗನ ಕಡೆ ತೋರಿಸಿದಳು.

"ಮಾದಪ್ಪನ ಮ್ಯಾಲೆ ಆಣೆ ಇಕ್ಕವ್ನೆ. ನನ್ನ ಕೊಟ್ಟವ್ನೆ, ದಾರಿ ಕೊಟ್ಟವ್ನೆ. ಕೊಟ್ಟ ಮ್ಯಾಲೆ ಮುಳ್ಳು ಒಡ್ಯಾದು ಯಾವ ನ್ಯಾಯ? ಏಳಿ, ಕೂತ್ಕಂಡಿರಾದು ಯಾಕೆ?"

"ಮುಳ್ಳು ತೆಗಿಬೇಕು ಗುರುಪಾದ. ಈಗ್ಲೇ. ನಿನ್ ಕೈಯಾರೆ" ಎಂದ ಸದಾಶಿವಪ್ಪ. ಅವನ ದನಿಯಲ್ಲಿ ನಾಚಿಕೆಯಿತ್ತು. ಇರಲೇಬೇಕು.

ಗುರುಪಾದಸ್ವಾಮಿಯ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ಅವ್ವಾ, ಅದು ಏನೋ ಸಿಟ್ನಲ್ಲಿ... ನೀನು ನಮ್ಮಟ್ಟಿಗೇ ಬಂದ್ಬುಡು, ನಾನ್ ನೋಡ್ಕತೀನಿ" ಎಂದ.

"ಯಾಕಪ್ಪ, ದಾರಿ ವಾಪಸ್ ಬೇಕಾ?" ಎಂದಳು ಪುಟ್ಟಮಲ್ಲಮ್ಮ. ಅವನು ವಲ್ಲಿ ಹೆಗಲಿಗೆ ಹಾಕಿಕೊಂಡು ಗುಡಿಯಿಂದ ಇಳಿದ.

ಊರೇ ಹೊಲದ ಕಡೆ ನಡೆಯಿತು. ಗುರುಪಾದಸ್ವಾಮಿ ಬರಿಗೈಯಲ್ಲಿ ಜಾಲಿಮುಳ್ಳು ಎಳೆದ. ಕೈಯೆಲ್ಲ ತರಚಿದರೂ ಯಾರೂ ಮಚ್ಚು ಕೊಡಲಿಲ್ಲ. ಮಲ್ಲಿಕಾರ್ಜುನಸ್ವಾಮಿ ಕೂಡ ಮೊದಲ ಬಾರಿಗೆ ಅಣ್ಣನ ಎದುರು ನಿಂತು ನೋಡಿದ, ಸಹಾಯಕ್ಕೆ ಹೋಗಲಿಲ್ಲ. ದಾರಿ ತೆರೆಯಿತು. ಜನ ಒಬ್ಬೊಬ್ಬರಾಗಿ ಕರಗಿದರು.

ನಾಗಶ್ರೀ ಗೆದ್ದಿದ್ದಳು. ಆದರೂ ಒಳಗಿನ ಉರಿ ಆರಿರಲಿಲ್ಲ, ತಿರುಗಿ ಅವಳನ್ನೇ ಸುಡುತ್ತಿತ್ತು. "ಅತ್ತೆ" ಎಂದಳು. ಮುಂದೆ ಏನು ಹೇಳುವುದು? ಬೈದು ಹೇಳುವ ಮಾತು ಸಾವಿರ ಗೊತ್ತಿದ್ದವು, ಈ ಮಾತು ಗೊತ್ತಿರಲಿಲ್ಲ.

ಪುಟ್ಟಮಲ್ಲಮ್ಮ ಅವಳ ಕಡೆ ನೋಡಲಿಲ್ಲ. ದಾರಿಯ ಒಂದು ಅಂಚಿನಲ್ಲಿ ನಿಂತು, ಹೆಜ್ಜೆಯ ತುದಿಗೆ ಹೆಜ್ಜೆ ಹಚ್ಚಿ, ಅಡ್ಡಲಾಗಿ ಅಳೆಯತೊಡಗಿದಳು. ಒಂದು. ಎರಡು. ಕೋಲೂರಿಕೊಂಡು, ನಿಧಾನವಾಗಿ. ಆರನೇ ಹೆಜ್ಜೆಗೆ ಆಚೆಯ ಬದುವಿಗೆ ಕಾಲು ತಗುಲಿತು. 

"ಆರೇ ಅಡಿ ಕೇಳ್ದೇನವ್ವ?" ಎಂದಳು. "ಸೊಪ್ಪಿನ ಗಾಡಿ ತಿರುಗ್ಬೇಕು ಅಂದ್ರೆ ಎಂಟಡಿ ಬೇಕು. ಕೇಳಾದು ಕೇಳ್ದೆ, ಎಂಟಡಿ ಕೇಳ್ಬಾರ್ದಾಗಿತ್ತಾ? ಅಷ್ಟೂ ಬಾಳ್ತಿರ್ನಿಲ್ವಾ ನಾನು?"

ನಾಗಶ್ರೀಯ ಕೈಯಲ್ಲಿ ಫೋನು ಬೆಳಗುತ್ತಿತ್ತು, ಹೊಸ ಗಾಜು, ಒಂದು ಗೀರಿಲ್ಲ.

"ನಡಿ, ಸೊಪ್ಪು ಕುಯ್ಯಿ. ಹುಳ ಅಸ್ಕಂಡವೆ" ಎಂದು ಮುದುಕಿ ಕೋಲೂರಿಕೊಂಡು ಆ ದಾರಿಯಲ್ಲಿ ಮುಂದೆ ಹೊರಟಳು. ನಾಗಶ್ರೀ ಹಿಂದೆ ನಡೆದಳು. ಬೈಯಲು ಅವಳಿಗೆ ಇನ್ನು ಯಾರೂ ಉಳಿದಿರಲಿಲ್ಲ.